ಆನೆಮಲೆಗೆ ಹೊರಡುವ ಮುನ್ನ

"ದೇಶ ಸುತ್ತು, ಇಲ್ಲವೆ ಕೋಶ ಓದು" ಎಂಬ ಗಾದೆಯನ್ನು ಕೇಳದ ವಿದ್ಯಾರ್ಥಿ ನಮ್ಮ ಶಾಲೆಯಲ್ಲಿ ಇರಲಾರ. ಪರೀಕ್ಷೆಯಲ್ಲಿ 'ಪ್ರವಾಸದ ಪ್ರಯೋಜನಗಳು' ಎಂಬ ಪ್ರಬಂಧ ಬಂದಾಗಲೆಲ್ಲ ಬಹುಪಾಲು ಉತ್ತರ ಪತ್ರಿಕೆಗಳು ಈ ಗಾದೆಯಿಂದಲೇ ಆರಂಭವಾಗುತ್ತವೆ. ಆದರೆ ಈ ಸಲದ ಪೋಷಕರ ಸಭೆಯಲ್ಲಿ ರೈತರೊಬ್ಬರು ಎದ್ದು ನಿಂತು ಕೇಳಿದ ಪ್ರಶ್ನೆಗೆ ಈ ಗಾದೆಯಲ್ಲಿ ಉತ್ತರ ಸಿಗಲಿಲ್ಲ.

ಬರುವ ವರ್ಷದ ಶೈಕ್ಷಣಿಕ ಪ್ರವಾಸಕ್ಕೆ ಮಕ್ಕಳನ್ನು ಕೊಯಮತ್ತೂರು ಜಿಲ್ಲೆಯ ಆನೆಮಲೆ ಕಾಡಿಗೆ ಕರೆದುಕೊಂಡು ಹೋಗಿ, ಅಲ್ಲಿಯ ಕಾಲುದಾರಿಯಲ್ಲಿ ಅರ್ಧ ದಿನ ನಡೆಸಿಕೊಂಡು ಬರಬೇಕೆಂದು ನಾವು ಸಭೆಯ ಮುಂದಿಟ್ಟೆವು. ಆಗ ಅವರು ಕೇಳಿದರು: "ಆನೆ ನೋಡಕ್ಕೆ ದುಡ್ಡು ಕೊಟ್ಟು ಅಷ್ಟು ದೂರ ಹೋಗ್ಬೇಕಾ ಮೇಷ್ಟ್ರೇ? ರಾತ್ರಿ ನಮ್ಮ ಹೊಲಕ್ಕೆ ಬನ್ನಿ, ಪುಕ್ಕಟೆ ನೋಡ್ಬಹುದು." ಸಭೆಯೆಲ್ಲ ನಕ್ಕಿತು. ನಾವೂ ನಕ್ಕೆವು. ಆದರೆ ಆ ಮಾತಿನ ಹಿಂದೆ ಎಷ್ಟು ರಾತ್ರಿಗಳ ನಿದ್ದೆ ಹೋಗಿದೆಯೆಂಬುದು ತಾಳವಾಡಿ ಸೀಮೆಯಲ್ಲಿ ಬೇಸಾಯ ಮಾಡುವ ಯಾರಿಗೂ ಹೇಳಬೇಕಾದುದಲ್ಲ. ಕಬ್ಬು, ಬಾಳೆ, ರಾಗಿ, ಮುಸುಕಿನ ಜೋಳ ಯಾವುದನ್ನು ಹಾಕಿದರೂ ಅಟ್ಟಣೆ ಕಟ್ಟಿಕೊಂಡು ಕಾಯಬೇಕು. ನಮ್ಮ ತರಗತಿಯಲ್ಲಿ ಬೆಳಗಿನ ಮೊದಲ ಪಾಠದಲ್ಲಿಯೇ ತೂಕಡಿಸುವ ಹುಡುಗರನ್ನು ನಾವು ಈಗ ಗದರಿಸುವುದಿಲ್ಲ. ಅವರು ಅಪ್ಪನ ಜೊತೆ ಕಾವಲಿಗೆ ಹೋಗಿ ಬಂದವರೆಂಬುದು ನಮಗೆ ಗೊತ್ತು.

ಆ ಹಿರಿಯರ ಪ್ರಶ್ನೆಗೆ ಸಭೆಯಲ್ಲಿ ಸರಿಯಾಗಿ ಉತ್ತರಿಸಲು ನಮ್ಮಿಂದ ಆಗಲಿಲ್ಲ. ಅದಕ್ಕೆ ಉತ್ತರವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳೋಣ. ಕೆಲವು ವರ್ಷಗಳ ಹಿಂದೆ ನಾವು ಮಕ್ಕಳನ್ನು ಒಂದು ಕಾಡಿಗೆ ಕರೆದೊಯ್ದಿದ್ದೆವು. ಎರಡು ಬಸ್ಸು ತುಂಬ ಮಕ್ಕಳು, ಬಸ್ಸಿನಲ್ಲಿ ಕಿವಿಗಡಚಿಕ್ಕುವ ಸಿನಿಮಾ ಹಾಡು. ದಾರಿಯಲ್ಲಿ ಒಂದು ದೇವಸ್ಥಾನ, ಒಂದು ಅಣೆಕಟ್ಟು, ಒಂದು ಉದ್ಯಾನವನ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವ ಆತುರ. ಕಾಡಿನ ಬಾಗಿಲಿಗೆ ಹೋಗಿ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು. ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆಯಬೇಕೆಂಬುದು ನಮಗೆ ಹೊಳೆದೇ ಇರಲಿಲ್ಲ. ಕಾವಲುಗಾರರು ಒಳಗೆ ಬಿಡಲಿಲ್ಲ. ಬಿಡದೆ ಇದ್ದುದು ನ್ಯಾಯವೇ ಆಗಿತ್ತು. ಮಕ್ಕಳು ರಸ್ತೆಯ ಬದಿಯ ಕೋತಿಗಳಿಗೆ ಬಿಸ್ಕತ್ತು ಎಸೆದು, ಆ ಕಾಗದಗಳನ್ನು ಅಲ್ಲಿಯೇ ಬಿಟ್ಟು ಬಸ್ಸು ಹತ್ತಿದರು. ನಾವು ಅದನ್ನೂ ತಡೆಯಲಿಲ್ಲ.

ಮಾರನೆಯ ವಾರ ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ನಮ್ಮ ಬೆಟ್ಟದ ಸೋಲಿಗರ ಪೋಡಿನವನು, ನಮ್ಮ ಮೇಜಿನ ಬಳಿಗೆ ಬಂದು ಕೇಳಿದ: "ಏನೇನ್ ನೋಡ್ಕಂಡ್ ಬಂದ್ರಿ ಸಾ?" ಅವನು ಪ್ರವಾಸಕ್ಕೆ ಬಂದಿರಲಿಲ್ಲ, ಮನೆಯಲ್ಲಿ ಹಣವಿರಲಿಲ್ಲ. ಕೋತಿ ನೋಡಿದೆವು ಎಂದೆವು. ಅವನು ನಗಲಿಲ್ಲ. ಆನೆಯ ಲದ್ದಿ ಕಂಡರೆ ಅದು ಎಷ್ಟು ಹೊತ್ತಿನ ಹಿಂದೆ ಹೋಗಿದೆಯೆಂದು ಮುಟ್ಟಿ ತಿಳಿಯುವ ಬಗೆಯನ್ನೂ, ಜೇನು ಕೀಳುವಾಗ ಹುಳುವಿಗೆಂದು ತಟ್ಟಿಯಲ್ಲಿ ಒಂದು ಭಾಗ ಬಿಡುವುದನ್ನೂ ಹೇಳುತ್ತ ಹೋದ. ಬಿಡುವಿನ ಗಂಟೆ ಮುಗಿದರೂ ನಾವು ಕೇಳುತ್ತಲೇ ಇದ್ದೆವು. ಕಾಡನ್ನು ಬಲ್ಲ ಒಬ್ಬನೇ ವಿದ್ಯಾರ್ಥಿಯನ್ನು ಮನೆಯಲ್ಲಿ ಬಿಟ್ಟು ನಾವು ಕಾಡು ನೋಡಲು ಹೋಗಿದ್ದೆವು. ಇದಕ್ಕಿಂತ ಹೆಚ್ಚಿನ ಅವಿವೇಕ ಇನ್ನೇನಿದೆ?

ಹಾಗಾದರೆ ಆನೆಮಲೆಗೇ ಏಕೆ ಎಂದು ಕೇಳಬಹುದು. ಅದು ನಮಗೆ ಅಪರಿಚಿತವಾದ ನಾಡಲ್ಲ. 1979ರಲ್ಲಿ ಈರೋಡು ಕಡೆಯ ಹೊಸ ಜಿಲ್ಲೆ ಆಗುವವರೆಗೆ ನಮ್ಮ ತಾಳವಾಡಿಯೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. 1956ಕ್ಕೆ ಮುಂಚೆ ಕೊಳ್ಳೇಗಾಲವೂ ಅದೇ ಜಿಲ್ಲೆಯಲ್ಲಿತ್ತು. ಕೊಯಮತ್ತೂರು ಸೀಮೆಯಲ್ಲಿ ಇಂದಿಗೂ ಮನೆಯೊಳಗೆ ಕನ್ನಡವಾಡುವ ದೇವಾಂಗರು, ಒಕ್ಕಲಿಗರು ಬಹಳ ಮಂದಿ ಇದ್ದಾರೆ. ತಮಿಳರು ಆನೈಮಲೈ ಎಂದರೆ ನಾವು ಆನೆಮಲೆ ಎನ್ನುತ್ತೇವೆ, ಅರ್ಥ ಒಂದೇ. ತಮಿಳಿನ ಪುಲಿ ನಮ್ಮ ಹಳಗನ್ನಡದಲ್ಲಿಯೂ ಪುಲಿಯೇ. ಪಕಾರವು ಹಕಾರವಾದ ಮೇಲೆ ಹುಲಿಯಾಯಿತು. ಎರಡು ಭಾಷೆಗಳನ್ನೂ ಓದಿ ಬರೆಯಬಲ್ಲ ನಮ್ಮ ಮಕ್ಕಳಿಗೆ ಅಲ್ಲಿಯ ಫಲಕಗಳನ್ನು ಓದಿ ಹೇಳುವವರೂ ಬೇಕಿಲ್ಲ.

ಆ ಕಾಡಿನ ವಿಚಾರವಾಗಿ ಎರಡು ಮಾತು. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಹರಡಿರುವ ಆನೆಮಲೆಯ ಅರಣ್ಯ 1976ರಲ್ಲಿ ವನ್ಯಪ್ರಾಣಿಗಳ ಅಭಯಾರಣ್ಯವಾಯಿತು. ಅದರ ಒಳಭಾಗಗಳಾದ ಕರಿಯನ್ ಶೋಲಾ, ಗ್ರಾಸ್ ಹಿಲ್ಸ್ ಮತ್ತು ಮಂಜಂಪಟ್ಟಿ ಕಣಿವೆಗಳನ್ನು 1989ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಮುಂದೆ ಇಡೀ ಪ್ರದೇಶ ಹುಲಿ ಸಂರಕ್ಷಿತ ಅರಣ್ಯವಾಯಿತು. ಕರಿಯನ್ ಶೋಲಾದಲ್ಲಿ ಬಿಸಿಲು ನೆಲಕ್ಕೆ ಬೀಳದಷ್ಟು ದಟ್ಟವಾದ ನಿತ್ಯಹಸುರಿನ ಮರಗಳಿವೆ. ಗ್ರಾಸ್ ಹಿಲ್ಸ್ ಎಂಬುದು ವರೆಯಾಡು ಮೇಯುವ ಎತ್ತರದ ಹುಲ್ಲುಬೆಟ್ಟ. ಉಡುಮಲೆಪೇಟೆಯ ಕಡೆಯ ಮಂಜಂಪಟ್ಟಿಯಾದರೋ ಮಳೆ ಕಡಮೆಯಾದ ಕುರುಚಲು ಕಾಡು. ಒಂದೇ ಬೆಟ್ಟದ ಸಾಲಿನಲ್ಲಿ ಮೂರು ತೆರನಾದ ಕಾಡುಗಳು. ಭೂಗೋಳದ ಪಾಠದಲ್ಲಿ ಬರುವ 'ಮಳೆಯ ನೆರಳಿನ ಪ್ರದೇಶ' ಎಂಬ ಮಾತನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಬರೆದರೂ ಇಷ್ಟು ಚೆನ್ನಾಗಿ ತಿಳಿಸಲಾಗದು.

ನಾವು ಹೋಗಬೇಕೆಂದಿರುವ ಟಾಪ್ ಸ್ಲಿಪ್ ಪೊಳ್ಳಾಚಿಯಿಂದ ಸುಮಾರು 37 ಕಿಲೋಮೀಟರು. ಬೆಟ್ಟದ ಮೇಲೆ ಕಡಿದ ತೇಗದ ದಿಮ್ಮಿಗಳನ್ನು ಇಲ್ಲಿಂದ ಇಳಿಜಾರಿನಲ್ಲಿ ಜಾರಿಬಿಡುತ್ತಿದ್ದುದರಿಂದ ಈ ಹೆಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಯ ತೇಗ ಮುಂಬಯಿಯ ಹಡಗುಕಟ್ಟೆಗೆ ಹೋಗುತ್ತಿತ್ತು. ಕಡಿದು ಕಡಿದು ಬೆಟ್ಟ ಬೋಳಾಯಿತು. ಆ ಮೇಲೆ ಬಂದ ಹ್ಯೂಗೋ ವುಡ್ ಎಂಬ ಅರಣ್ಯಾಧಿಕಾರಿ, ಮರವನ್ನು ಬೇರುಸಹಿತ ಕೀಳದೆ ಬುಡದಿಂದ ಮತ್ತೆ ಚಿಗುರುವಂತೆ ಕಡಿಯುವ ಕ್ರಮವನ್ನು ಬಳಕೆಗೆ ತಂದರು. ತೇಗವನ್ನು ಮರಳಿ ಬೆಳೆಸಿದರು. ಕಿಸೆಯಲ್ಲಿ ತೇಗದ ಬೀಜ ತುಂಬಿಕೊಂಡು, ಊರುಗೋಲಿನಿಂದ ನೆಲ ಚುಚ್ಚಿ ಬೀಜ ಹಾಕುತ್ತ ನಡೆಯುತ್ತಿದ್ದರೆಂದು ಅಲ್ಲಿಯ ಜನ ಹೇಳುತ್ತಾರೆ. 1933ರಲ್ಲಿ ತೀರಿಕೊಂಡ ಅವರ ಸಮಾಧಿ ಟಾಪ್ ಸ್ಲಿಪ್ಪಿನ ತೇಗದ ಮರಗಳ ನಡುವೆಯೇ ಇದೆ. ಸ್ಮಾರಕ ಬೇಕಿದ್ದರೆ ಸುತ್ತ ನೋಡಿ ಎಂಬ ಅರ್ಥದ ಲ್ಯಾಟಿನ್ ಮಾತನ್ನು ಅದರ ಮೇಲೆ ಕೆತ್ತಿದ್ದಾರೆ. ಮಕ್ಕಳು ಆ ಸಮಾಧಿಯನ್ನು ನೋಡಲಿ. ಅಲ್ಲಿಂದ ನಡೆದು ಶೋಲಾ ಕಾಡಿನ ಅಂಚಿಗೂ ಹೋಗಲಿ. ಮನುಷ್ಯ ನೆಟ್ಟ ತೇಗದ ತೋಪಿನಲ್ಲಿ ಎಷ್ಟು ಬಗೆಯ ಗಿಡಗಳಿವೆ, ತಾನಾಗಿ ಬೆಳೆದ ಕಾಡಿನಲ್ಲಿ ಎಷ್ಟಿವೆ ಎಂದು ಎಣಿಸಿ ಬರೆದುಕೊಳ್ಳಲಿ. ಸಸಿ ನೆಟ್ಟ ಮಾತ್ರಕ್ಕೆ ಕಾಡಾಗುವುದೇ ಎಂಬ ಪ್ರಶ್ನೆಯನ್ನು ಅವರೇ ಕೇಳುತ್ತಾರೆ. ವರ್ಷಕ್ಕೊಮ್ಮೆ ವನಮಹೋತ್ಸವ ಮಾಡಿ ಕೈತೊಳೆದುಕೊಳ್ಳುವ ನಮಗೂ ಆ ಪ್ರಶ್ನೆ ಒಳ್ಳೆಯದೇ.

ಈಗ ಆ ರೈತರ ಪ್ರಶ್ನೆಗೆ ಬರೋಣ. ನಮ್ಮ ಸೀಮೆಯಲ್ಲಿ ಬೆಳೆ ತುಳಿದು ಜನರ ಪ್ರಾಣಕ್ಕೂ ಎರವಾಗಿದ್ದ ಕರುಪ್ಪನ್ ಎಂಬ ಸಲಗವನ್ನು 2023ರ ಏಪ್ರಿಲಿನಲ್ಲಿ ಹಿಡಿದುದನ್ನು ನಮ್ಮ ಮಕ್ಕಳು ಮರೆತಿಲ್ಲ. ಅದನ್ನು ಹಿಡಿಯಲು ಬಂದ ಕುಮ್ಕಿ ಆನೆಗಳಲ್ಲಿ ಚಿನ್ನತಂಬಿಯೂ ಒಂದು. ಆ ಚಿನ್ನತಂಬಿ ಎಲ್ಲಿಂದ ಬಂತು? ಆನೆಮಲೆಯ ಶಿಬಿರದಿಂದ. ಅದಕ್ಕೂ ಮೊದಲು ಅದು ಏನಾಗಿತ್ತು? ಅದೂ ಹೊಲಕ್ಕೆ ನುಗ್ಗುವ ಕಾಡಾನೆಯೇ ಆಗಿತ್ತು. ಕೊಯಮತ್ತೂರಿನ ಪಕ್ಕದ ತಡಾಗಂ ಕಣಿವೆಯಲ್ಲಿ ಅದನ್ನು 2019ರ ಜನವರಿಯಲ್ಲಿ ಹಿಡಿದು ಟಾಪ್ ಸ್ಲಿಪ್ಪಿನ ಕಾಡಿನಲ್ಲಿ ಬಿಟ್ಟರು. ಕೆಲವೇ ದಿನಗಳಲ್ಲಿ ಅದು ಬೆಟ್ಟ ಇಳಿದು, ಊರೂರು ದಾಟಿ, ಉಡುಮಲೆಪೇಟೆಯ ಕಡೆಯ ಕಬ್ಬಿನ ಗದ್ದೆಗಳಿಗೆ ಬಂದು ನಿಂತಿತು. ಫೆಬ್ರವರಿಯಲ್ಲಿ ಮತ್ತೆ ಹಿಡಿದು, ಪಳಗಿಸಿ, ಕುಮ್ಕಿ ಮಾಡಿದರು. ಒಂದು ಕಾಲಕ್ಕೆ ತಡಾಗಂ ರೈತರ ನಿದ್ದೆ ಕೆಡಿಸಿದ ಆನೆ ನಾಲ್ಕು ವರ್ಷಗಳ ತರುವಾಯ ತಾಳವಾಡಿಯ ರೈತರ ನೆರವಿಗೆ ಬಂತು.

ಆ ಕಣಿವೆಯಲ್ಲಿ ಆಗ ಇಟ್ಟಿಗೆ ಗೂಡುಗಳಿಗಾಗಿ ಕೆಮ್ಮಣ್ಣನ್ನು ಆಳವಾಗಿ ತೋಡುತ್ತಿದ್ದರು. 2021ರಲ್ಲಿ ಆ ಗೂಡುಗಳನ್ನು ಮುಚ್ಚಿಸಲಾಯಿತು. ಆನೆ ಓಡಾಡುವ ದಾರಿಯಲ್ಲಿ ಮನುಷ್ಯ ಏನೇನು ಕಟ್ಟಿದ, ಏನೇನು ಅಗೆದ ಎಂಬುದನ್ನು ತಿಳಿಯದೆ, ಆನೆ ಏಕೆ ಹೊಲಕ್ಕೆ ಬರುತ್ತದೆ ಎಂಬುದು ತಿಳಿಯದು. ರಾತ್ರಿ ಹೊಲದಲ್ಲಿ ಪಟಾಕಿಯ ಬೆಳಕಿನಲ್ಲಿ ನೋಡಿದ ಆನೆ ನಮಗೆ ಶತ್ರು. ಹಗಲಿನಲ್ಲಿ, ಅದರ ಮನೆಯಲ್ಲಿ, ಮಾವುತನ ಪಕ್ಕದಲ್ಲಿ ನಿಂತು ಅದೇ ಆನೆಯನ್ನು ನೋಡಿದ ಹುಡುಗ ಅದನ್ನು ಪ್ರೀತಿಸಿಯೇ ತೀರುತ್ತಾನೆಂದು ನಾವು ಹೇಳುವುದಿಲ್ಲ. ಬೆಳೆ ಕಳೆದುಕೊಂಡವರಿಗೆ ಪ್ರೀತಿಯ ಉಪದೇಶ ಮಾಡುವ ಅಧಿಕಾರ ಸಂಬಳ ಬರುವ ನಮಗಿಲ್ಲ. ಆದರೆ ಅವನು ಕಾರಣ ಕೇಳುವುದನ್ನು ಕಲಿಯುತ್ತಾನೆ. ನಾಳೆ ಕಂದಕ, ಬೇಲಿ, ಬೆಳೆ ಪರಿಹಾರ ಎಂದು ಅಧಿಕಾರಿಗಳ ಮುಂದೆ ಕುಳಿತು ಮಾತಾಡಬೇಕಾದವರು ಈ ಮಕ್ಕಳೇ. ತಿಳಿದು ಮಾತಾಡಲಿ ಎಂಬುದಷ್ಟೇ ನಮ್ಮ ಆಸೆ. ಪೇಟೆಯ ಮಕ್ಕಳಿಗಿಂತ ಮೊದಲು ಕಾಡಂಚಿನ ಮಕ್ಕಳು ಕಾಡಿನ ನಡಿಗೆಗೆ ಹೋಗಬೇಕೆಂದು ನಾವು ವಾದಿಸುವುದು ಈ ಕಾರಣಕ್ಕೆ.

ಇನ್ನು ಸಿದ್ಧತೆಯ ಮಾತು. ನಮ್ಮ ಅಭಿಪ್ರಾಯದಲ್ಲಿ ಪ್ರವಾಸ ಬಸ್ಸು ಹತ್ತಿದ ದಿನ ಆರಂಭವಾಗುವುದಲ್ಲ. ಜೂನ್ ತಿಂಗಳಲ್ಲಿಯೇ ತರಗತಿಯಲ್ಲಿ ಆರಂಭವಾಗಬೇಕು. ಮತ್ತು ಅದನ್ನು ಮಕ್ಕಳೇ ಮಾಡಬೇಕು. ಇದುವರೆಗೆ ನಾವು ಶಿಕ್ಷಕರು ಎಲ್ಲವನ್ನೂ ನಿಶ್ಚಯಿಸಿ ಫಲಕದ ಮೇಲೆ ಒಂದು ಮೊತ್ತವನ್ನು ಬರೆಯುತ್ತಿದ್ದೆವು. ಅದು ತಪ್ಪು.

ಭೂಗೋಳದವರು ನಕ್ಷೆ ಬಿಡಿಸಲಿ: ತಾಳವಾಡಿ, ದಿಂಬಂ, ಬಣ್ಣಾರಿ, ಸತ್ಯಮಂಗಲ, ಕೊಯಮತ್ತೂರು, ಪೊಳ್ಳಾಚಿ, ಸೇತುಮಡೈ, ಟಾಪ್ ಸ್ಲಿಪ್. ಗಣಿತದವರು ಲೆಕ್ಕ ಹಾಕಲಿ: ದಾರಿ ಸುಮಾರು 200 ಕಿಲೋಮೀಟರು, ದಿಂಬಂ ಘಾಟಿಯಲ್ಲಿ 27 ತಿರುವುಗಳು, ಆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ 2022ರಿಂದ ನಿರ್ಬಂಧವಿದೆ. ಹಾಗಿದ್ದರೆ ಎಷ್ಟು ಗಂಟೆಗೆ ಹೊರಡಬೇಕು, ಹಿಂದಿರುಗುವಾಗ ಎಷ್ಟು ಗಂಟೆಯೊಳಗೆ ಬಣ್ಣಾರಿ ಮುಟ್ಟಬೇಕು? ಈ ಲೆಕ್ಕ ಮಾಡಿದವರಿಗೆ ಒಂದೇ ದಿನದಲ್ಲಿ ಹೋಗಿ ಬರುವುದು ಸಾಧ್ಯವಿಲ್ಲವೆಂಬುದು ತಾನಾಗಿ ತಿಳಿಯುತ್ತದೆ. ಪೊಳ್ಳಾಚಿಯಲ್ಲಿ ಎರಡು ರಾತ್ರಿ ತಂಗಬೇಕು, ನಡುವಿನ ದಿನವೆಲ್ಲ ಕಾಡಿಗೆ ಮೀಸಲಾಗಬೇಕು.

ಅನುಮತಿಯ ಪತ್ರವನ್ನು ಮಕ್ಕಳೇ ತಮಿಳಿನಲ್ಲಿ ಅರಣ್ಯ ಇಲಾಖೆಗೆ ಬರೆಯಲಿ. ಮುಖ್ಯೋಪಾಧ್ಯಾಯರಿಗೆ ಕನ್ನಡದಲ್ಲಿ ಮನವಿ ಬರೆಯಲಿ. ವ್ಯಾಕರಣ ಪುಸ್ತಕದ ಹಿಂದಿನ ಪುಟದ ಮಾದರಿ ಪತ್ರಗಳನ್ನು ಉರುಹೊಡೆಯುವ ಬದಲು, ನಿಜವಾಗಿ ಅಂಚೆಗೆ ಬೀಳುವ, ನಿಜವಾಗಿ ಉತ್ತರ ಬರುವ ಒಂದು ಪತ್ರವನ್ನು ಅವರು ಬರೆದಂತಾಗುತ್ತದೆ. ತಮಿಳುನಾಡು ಸರ್ಕಾರ 2024ರಲ್ಲಿ ರಾಜ್ಯದ ಕಾಡುಗಳಲ್ಲಿ 40 ಚಾರಣದ ದಾರಿಗಳನ್ನು ಗೊತ್ತುಮಾಡಿದೆ. ಟಾಪ್ ಸ್ಲಿಪ್ಪಿನಿಂದ ಪಂಡಾರವರೈಗೆ ಹೋಗುವ ದಾರಿ ಅವುಗಳಲ್ಲಿ ಒಂದು. ಯಾವ ದಾರಿ ಯಾವ ವಯಸ್ಸಿನವರಿಗೆ, ಶುಲ್ಕವೆಷ್ಟು, ಯಾವ ತಿಂಗಳು ತೆರೆದಿರುತ್ತದೆ ಎಂಬುದನ್ನು ಇಲಾಖೆಯವರನ್ನೇ ಕೇಳಿ ತಿಳಿದುಕೊಳ್ಳಬೇಕು. ಯಾರೋ ಹೇಳಿದರೆಂದು ಹೊರಡಬಾರದು.

ಈ ಎಚ್ಚರಿಕೆಯನ್ನು ಒತ್ತಿ ಹೇಳಲು ಕಾರಣವಿದೆ. 2018ರ ಮಾರ್ಚಿ 11ರಂದು ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋದವರನ್ನು ಕಾಳ್ಗಿಚ್ಚು ಸುತ್ತುವರಿಯಿತು. ಚೆನ್ನೈ, ಈರೋಡು, ತಿರುಪ್ಪೂರುಗಳಿಂದ ಹೋಗಿದ್ದವರಲ್ಲಿ 20ಕ್ಕೂ ಹೆಚ್ಚು ಜನ ತೀರಿಕೊಂಡರು. ಬಹುಮಂದಿ ಎಳೆಯ ವಯಸ್ಸಿನವರು. ಒಣಗಿದ ಹುಲ್ಲಿಗೆ ಒಂದು ಕಿಡಿ ಸಾಕು. ಗಾಳಿ ಬೀಸಿದರೆ ಓಡುವವನಿಗಿಂತ ಬೆಂಕಿಯೇ ಮುಂದೆ. ಆದುದರಿಂದ ನಮ್ಮ ನಡಿಗೆ ಡಿಸೆಂಬರ್ ಅಥವಾ ಜನವರಿಯಲ್ಲಿಯೇ ಆಗಬೇಕು, ಬೇಸಿಗೆಯಲ್ಲಿ ಕೂಡದು. ಮಾರ್ಗದರ್ಶಕರಿಲ್ಲದೆ ಒಂದು ಹೆಜ್ಜೆಯೂ ಇಡಕೂಡದು. ಪ್ರತಿ ಪೋಷಕರ ಒಪ್ಪಿಗೆ ಪತ್ರ ನಮ್ಮ ಕೈಯಲ್ಲಿರಬೇಕು. ಒಂದು ತಂಡದಲ್ಲಿ ಇಪ್ಪತ್ತು ಮಕ್ಕಳಿಗಿಂತ ಹೆಚ್ಚು ಬೇಡ. ನೂರು ಮಕ್ಕಳು ಸಾಲಾಗಿ ಹೋದರೆ ಕಾಣುವುದು ಮುಂದಿನವನ ಬೆನ್ನು ಮಾತ್ರ.

ಕಾಡಿಗೆ ಹೋಗುವವರು ಅತಿಥಿಗಳಂತೆ ಹೋಗಬೇಕು. ಅಲ್ಲಿ ಕಾಡರು, ಮಲಸರು, ಮುದುವರು, ಪುಲಯರು ಮೊದಲಾದ ಜನ ತಲೆತಲಾಂತರದಿಂದ ಬಾಳಿದ್ದಾರೆ. ಕೋಳಿಕಮುತ್ತಿಯ ಆನೆ ಶಿಬಿರದಲ್ಲಿ ಆನೆಗಳನ್ನು ಸಾಕಿ ಪಳಗಿಸುವ ಮಾವುತರು ಮಲಸರು. ಅವರನ್ನು ಮಕ್ಕಳು 'ಅಣ್ಣ', 'ಅಯ್ಯ' ಎಂದು ಕರೆದು, ಕೇಳಿ ಕಲಿಯಲಿ. ಅವರ ಮನೆಯ ಮುಂದೆ ನಿಂತು ಫೋಟೋ ತೆಗೆಯುವುದು ಬೇಡ. ಬುತ್ತಿಗೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಚಿತ್ರಾನ್ನವನ್ನು ಡಬ್ಬಿಯಲ್ಲಿ ತರಲಿ. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಕೆಂಪು, ಹಳದಿ ಬಟ್ಟೆ ಬಿಟ್ಟು ಮಣ್ಣಿನ ಬಣ್ಣದ, ಎಲೆಯ ಬಣ್ಣದ ಬಟ್ಟೆ ಉಡಲಿ. ಒಂದು ನೋಟುಪುಸ್ತಕ, ಒಂದು ಸೀಸದ ಕಡ್ಡಿ ಸಾಕು. ಹುಲಿ ಕಾಣದಿದ್ದರೆ ಮಕ್ಕಳು ಬೇಸರಪಡುತ್ತಾರೆಂದು ಕೆಲವರು ಹೇಳುವುದುಂಟು. ಹುಲಿ ಕಂಡೇ ತೀರುತ್ತದೆಂದು ನಾವು ಹೇಳಿ ಕರೆದುಕೊಂಡು ಹೋದರೆ ಮಾತ್ರ ಬೇಸರ. ಕೆಂಜಳಿಲು ಮರದಿಂದ ಮರಕ್ಕೆ ಹಾರುವುದನ್ನು ಎವೆಯಿಕ್ಕದೆ ನೋಡಿದರೆ, ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದನ್ನು ಒಮ್ಮೆ ಕೇಳಿದರೆ ಸಾಕು.

ನೀರಿನ ವಿಷಯವನ್ನೂ ಮರೆಯುವಂತಿಲ್ಲ. ಹಿಂದಿರುಗುವ ದಾರಿಯಲ್ಲಿ ಪೊಳ್ಳಾಚಿಯ ತೆಂಗಿನ ತೋಟಗಳ ನಡುವೆ ಪರಂಬಿಕುಳಂ-ಆಳಿಯಾರ್ ಯೋಜನೆಯ ಕಾಲುವೆಗಳು ಕಾಣುತ್ತವೆ. ಆ ನೀರು ಇದೇ ಬೆಟ್ಟಗಳಿಂದ ಇಳಿದದ್ದು. ಉಡುಮಲೆಪೇಟೆಯ ಮೇಲಿನ ಅಮರಾವತಿ ಅಣೆಕಟ್ಟಿಗೂ ನೀರು ಈ ಬೆಟ್ಟಗಳದೇ; ಆ ಹೊಳೆ ಕರೂರಿನ ಹತ್ತಿರ ಕಾವೇರಿಯನ್ನು ಸೇರುತ್ತದೆ. ಕಾಡು ಕಾಡಿನವರಿಗೆ ಮಾತ್ರ ಬೇಕಾದುದಲ್ಲ, ಕೆಳಗಿನ ಬಯಲಿನ ಒಕ್ಕಲಿಗೂ ಅದೇ ಆಧಾರ ಎಂಬುದನ್ನು ಕಾಲುವೆಯ ದಡದಲ್ಲಿ ನಿಲ್ಲಿಸಿ ಹೇಳಿದರೆ ಮಕ್ಕಳಿಗೆ ಕೂಡಲೇ ಅರ್ಥವಾಗುತ್ತದೆ.

ಕಡೆಯದಾಗಿ ಹಣದ ಮಾತು. ನಮ್ಮ ಸುತ್ತಲೂ ಸತ್ಯಮಂಗಲದ ಹುಲಿ ಸಂರಕ್ಷಿತ ಅರಣ್ಯವೇ ಇರುವಾಗ ಅಷ್ಟು ಖರ್ಚು ಏಕೆ ಎಂದು ಸಹೋದ್ಯೋಗಿಗಳೊಬ್ಬರು ಕೇಳಿದರು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮೊದಲ ಪಾಠ ನಮ್ಮ ಶಾಲೆಯ ಹಿಂದಿನ ಹಳ್ಳದಲ್ಲಿಯೇ ಆಗಲಿ. ಅಲ್ಲಿಯ ಮರಗಳ ಹೆಸರನ್ನು ಕಲಿಯದೆ ಆನೆಮಲೆಗೆ ಹೋಗುವುದು ಬೇಡ. ಆದರೆ ನಮ್ಮ ಕಾಡು ನಮಗೆ ಸೌದೆ, ಮೇವು, ಭಯ ಇವುಗಳ ಮೂಲಕವೇ ಪರಿಚಿತ. 2000ದಲ್ಲಿ ದೊಡ್ಡಗಾಜನೂರಿನಿಂದ ಡಾ. ರಾಜ್‌ಕುಮಾರರ ಅಪಹರಣವಾದಾಗ ನಾವು ಇನ್ನೂ ವಿದ್ಯಾರ್ಥಿಗಳು. ಆ ದಿನಗಳಲ್ಲಿ ಕಾಡಿನ ಕಡೆ ತಲೆಯೆತ್ತಿ ನೋಡಲೂ ಹೆದರಿಕೆ. ಆ ಹೆದರಿಕೆಯನ್ನು ನಾವೇ ಮಕ್ಕಳಿಗೆ ದಾಟಿಸಿದ್ದೇವೆ. ನಮ್ಮದಲ್ಲದ ಒಂದು ಕಾಡಿನಲ್ಲಿ, ನಮ್ಮ ಹೊಲದ ಚಿಂತೆಯಿಲ್ಲದೆ ನಡೆದು ಬಂದ ಮೇಲೆ ನಮ್ಮ ಕಾಡನ್ನು ನೋಡುವ ಕಣ್ಣು ಬೇರೆಯಾಗುತ್ತದೆಂಬುದು ನಮ್ಮ ನಂಬಿಕೆ.

ಖರ್ಚಿಗೆ ನಮ್ಮ ಸಲಹೆ ಇದು. ಪ್ರವಾಸಕ್ಕೆ ಒಂದೇ ಸಲ ದೊಡ್ಡ ಮೊತ್ತ ಕೇಳುವುದನ್ನು ಬಿಟ್ಟು, ಜೂನಿನಿಂದ ತಿಂಗಳಿಗಿಷ್ಟು ಎಂದು ಮಕ್ಕಳೇ ಒಂದು ಉಳಿತಾಯದ ಪೆಟ್ಟಿಗೆ ಇಡಲಿ. ಕೊಡಲಾಗದವರ ಪಾಲನ್ನು ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ತುಂಬೋಣ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದು ಪೆಟ್ಟಿಗೆಯಿಂದ ಹೊರಗೆ ಬರಬಾರದು. ಹಣವಿಲ್ಲದೆ ಒಬ್ಬ ಮಗುವಾದರೂ ಮನೆಯಲ್ಲಿ ಉಳಿಯುವುದಾದರೆ ಪ್ರವಾಸವೇ ಬೇಡವೆಂದು ನಾವು ಮುಖ್ಯೋಪಾಧ್ಯಾಯರಲ್ಲಿ ಹೇಳಿದ್ದೇವೆ.

ಆ ಸೋಲಿಗ ಹುಡುಗ ಶಾಲೆ ಮುಗಿಸಿ ಹೋಗಿದ್ದಾನೆ. ಅವನ ತಂಗಿ ಈಗ ಎಂಟನೆಯ ತರಗತಿಯಲ್ಲಿದ್ದಾಳೆ. ಪ್ರವಾಸ ಸಮಿತಿಗೆ ಮೊದಲ ಹೆಸರಾಗಿ ಅವಳ ಹೆಸರನ್ನು ಸೂಚಿಸಬೇಕೆಂದಿದ್ದೇವೆ. ಸಭೆಯಲ್ಲಿ ಪ್ರಶ್ನೆ ಕೇಳಿದ ಆ ರೈತರನ್ನೂ ಪೋಷಕರ ಪ್ರತಿನಿಧಿಯಾಗಿ ನಮ್ಮ ಜೊತೆಗೆ ಬರಬೇಕೆಂದು ಕೇಳಿಕೊಂಡಿದ್ದೇವೆ. "ರಾಗಿ ಕುಯ್ಲು ಮುಗೀಲಿ, ನೋಡಾನ" ಎಂದಿದ್ದಾರೆ. ಅಷ್ಟು ಸಾಕು. ಮುಂದಿನ ವರ್ಷದ ಸಂಚಿಕೆಯಲ್ಲಿ ಈ ವಿಷಯವಾಗಿ ನಾವು ಬರೆಯುವುದಿಲ್ಲ. ನಡೆದು ಬಂದ ಮಕ್ಕಳು ಬರೆಯಲಿ.